ಹೆಸರು ಮಾತ್ರ ಒಂದೇ

ನಿನ್ನೆ ರಾತ್ರಿ ನಿದ್ದೆ ಬಾರದೆ ಟೊಯೋಟಾ ಜಿಆರ್ ಯಾರಿಸ್ ಅನ್ನೋ ಪುಟ್ಟ ವೇಗದ ಕಾರಿನ ಬಗ್ಗೆ ಓದುತ್ತಾ ಕೂತಿದ್ದೆ. ಮಾಮೂಲಿ ಯಾರಿಸ್‌ಗೇ ದೊಡ್ಡ ಎಂಜಿನ್ ಕೂರಿಸಿ, ಸ್ಟಿಕ್ಕರ್ ಅಂಟಿಸಿರುತ್ತಾರೆ ಅಂದುಕೊಂಡಿದ್ದೆ. ಅಲ್ವೇ ಅಲ್ಲ!

ಐದು ಬಾಗಿಲು ಹೋಗಿ ಮೂರಾಗಿದೆ. ಚಾವಣಿ ಹಗುರವಾದ ಕಾರ್ಬನ್ ಫೈಬರಿನದು, ಹಿಂದಕ್ಕೆ ಇಳಿಜಾರು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗಬೇಕಲ್ಲ, ಅದಕ್ಕೇ ಅಡಿಭಾಗದ ಹಿಂದಿನ ಅರ್ಧವನ್ನು ಟೊಯೋಟಾದ್ದೇ ದೊಡ್ಡಣ್ಣ ಕೊರೊಲ್ಲಾ ಕಾರಿನ ಕಡೆಯಿಂದ ತಂದಿದ್ದಾರೆ. 1.6 ಲೀಟರಿನ ಟರ್ಬೊ ಎಂಜಿನ್, ಮೂರೇ ಸಿಲಿಂಡರ್. 2020ರಲ್ಲಿ ಯೂರೋಪಿಗೆ ಬಂದಾಗ 261 ಅಶ್ವಶಕ್ತಿ; ಅಲ್ಲಿನ ಮಾಮೂಲಿ ಹೈಬ್ರಿಡ್ ಯಾರಿಸ್‌ಗೆ 116. ಹೊರಗೆ ಮಾಮೂಲಿ ಯಾರಿಸ್‌ನದು ಅಂತ ಉಳಿದಿದ್ದು ದೀಪ, ಕನ್ನಡಿಯಂಥ ಚಿಲ್ಲರೆ ಸಾಮಾನು.

ಇಷ್ಟೆಲ್ಲ ಕಷ್ಟಪಟ್ಟಿದ್ದು ರ‍್ಯಾಲಿ ಅನ್ನೋ ಕಾರ್ ರೇಸಿಗಾಗಿ. ಕೊನೆಗೆ ಇದರ ಮೇಲೆ ಕಟ್ಟಬೇಕಿದ್ದ ವಿಶ್ವ ರ‍್ಯಾಲಿ ಕಾರನ್ನೇ ಕೊರೊನಾ ಕಾಲದಲ್ಲಿ ಕೈಬಿಟ್ಟರು. ಮದುವೆ ನಿಂತರೂ ಹೊಲಿಸಿದ ರೇಷ್ಮೆ ರವಿಕೆ ಉಳಿದ ಹಾಗೆ, ಅಲ್ವಾ?