ಮನ್ಯಾಗ ಬಕೀಟಿಲ್ಲ

ಸೋಮವಾರ ರಾತ್ರಿ ಮಸ್ಕತ್ತಿನಿಂದ ಅಣ್ಣನ ವಿಡಿಯೋ ಕಾಲ್. ಮುಖ ನೋಡಿದರೆ ಯಾರೋ ತೀರಿಕೊಂಡ ಹಾಗಿತ್ತು. ಬಿಲ್ಡಿಂಗಿನ ಪಂಪು ಸುಟ್ಟು ಎರಡು ದಿನ, ನಳದಲ್ಲಿ ಹನಿ ನೀರಿಲ್ಲ, ರಿಪೇರಿ ಗುರುವಾರವಂತೆ.

"ಕೆಳಗಿನ ಟಾಕಿನೂ ಖಾಲಿ ಏನು?" ಅವ್ವ ಕೇಳಿದಳು.

"ತುಂಬ್ಯದವ್ವಾ. ಮ್ಯಾಲ ಏರವಲ್ದು."

"ಮತ್ತ ನೀರಿಲ್ಲ ಅಂತ ಯಾಕಂತಿ? ಹೊತ್ತು ತಾ."

"ಯಾದ್ರಾಗ ತರ್ಲಿ? ಮನ್ಯಾಗ ಬಕೀಟಿಲ್ಲ."

ಅವ್ವ ಫೋನು ನನ್ನ ಕೈಗಿಟ್ಟು ಸುಮ್ಮನೆ ಕುಂತಳು. ಆಮೇಲೆ ವಾರವಿಡೀ ಹಾಲಿನವನಿಗೂ ಎದುರುಮನೆಯವರಿಗೂ ಒಂದೇ ಮಾತು: "ಹನ್ನೊಂದು ವರ್ಷಾತು ಸಂಸಾರ ಹೂಡಿ, ಮನ್ಯಾಗ ಒಂದು ಬಕೀಟಿಲ್ಲಂತ!"

ನಮ್ಮ ಬೀದರಿನ ಮನೆಯಲ್ಲಿ ಬಚ್ಚಲಿಗೆರಡು ಡ್ರಮ್ಮು, ಅಡುಗೆಮನೆಗೆ ನಾಲ್ಕು ಕೊಡ, ಮಂಚದ ಕೆಳಗೂ ಕ್ಯಾನು. ನಳ ಬಂದರೂ ಅವ್ವನಿಗೆ ನಂಬಿಕೆಯಿಲ್ಲ. 2016ರ ಬ್ಯಾಸಿಗಿ, ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಿದ ವರ್ಷ, ಅವಳ ತಲೆಯಿಂದ ಇನ್ನೂ ಇಳಿದಿಲ್ಲ. ಅಕ್ಕಿ ತೊಳೆದದ್ದು ಮುಸುರೆಗೆ, ಮುಸುರೆ ತೊಳೆದದ್ದು ಪಾಯಖಾನೆಗೆ. ಅಣ್ಣ ಆಗಲೂ ಮಸ್ಕತ್ತಿನಲ್ಲೇ ಇದ್ದ, ತಪ್ಪಿಸಿಕೊಂಡ.

ಮಂಗಳವಾರ ಮತ್ತೆ ಫೋನು. ಅಂಗಡಿಯ ಬಾಟಲಿ ನೀರನ್ನು ಒಂದೊಂದಾಗಿ ಕಮೋಡಿಗೆ ಬಗ್ಗಿಸುತ್ತಿದ್ದನಂತೆ. "ಆರು ಬಾಟ್ಲಿ ಹಾಕ್ದೆ, ಹೋಗವಲ್ದು." ಓದಿದ್ದು ಇಂಜಿನಿಯರಿಂಗ್. ಅವ್ವ ನನ್ನ ಕೈಗೆ ಕ್ಯಾಮೆರಾ ಹಿಡಿಸಿ, ಅರ್ಧ ಬಕೀಟು ಸೊಂಟದ ಮಟ್ಟಕ್ಕೆತ್ತಿ ಒಮ್ಮೆಲೇ ಧಡ್ ಅಂತ ಸುರಿದು ತೋರಿಸಿದಳು. "ನೀರು ಕಮ್ಮಿ ಬಿದ್ದಿಲ್ಲ, ಜೋರು ಕಮ್ಮಿ ಬಿದ್ದದ. ದೊಡ್ಡ ಪಾತೇಲಿ ತಗೋ."

ತಮಾಷೆ ಅಂದರೆ, ಹೋದ ವರ್ಷ ಇದೇ ಅಣ್ಣ ಅಲ್ಲೇ ಒಮಾನಿನ ನಿಜ್ವಾ ಊರಿನ ಫಲಜ್ ದಾರಿಸ್ ಕಾಲುವೆಯ ಫೋಟೋ ಕಳಿಸಿ, 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಅಂತ ಕೊಚ್ಚಿಕೊಂಡಿದ್ದ. ನಮ್ಮ ಬೀದರ ಪಕ್ಕದ ನೌಬಾದಿನ ಸುರಂಗ ಬಾವಿಯೂ ಅದೇ ಬಳಗದ್ದು, ಬಹಮನಿಯರ ಕಾಲದಲ್ಲಿ ಇರಾನಿನ ಕಡೆಯಿಂದ ಬಂದ ವಿದ್ಯೆ. ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ನೀರು ಅಡಿಯ ಕರಿಕಲ್ಲಿಗೆ ತಾಗಿ ನಿಲ್ಲುತ್ತದೆ. ಅದನ್ನು ಹಿಡಿದು ಬರೀ ಇಳಿಜಾರಿನ ಮೇಲೆ ಹರಿಸಿದರು. ಎರಡಕ್ಕೂ ಪಂಪಿಲ್ಲ. ಎರಡೂ ಊರಿನ ನಂಟಿರುವ ಮನುಷ್ಯ ಒಂದು ಪಂಪಿಗೆ ಹೀಗೆ ಕುಸಿದು ಕುಂತಿದ್ದ. ಅವನನ್ನು ಬೈಯಲು ನನಗೂ ಹಕ್ಕಿಲ್ಲ ಬಿಡಿ. ಅವ್ವ ಊರಿಗೆ ಹೋದರೆ ನಮ್ಮ ಡ್ರಮ್ಮು ನಾನೂ ತುಂಬಿಸುವುದಿಲ್ಲ.

ಬುಧವಾರ ವೈನಿ ಕಾಲ್ ಮಾಡಿದರು. ಬಾಲ್ಕನಿಯಲ್ಲಿ ಏಸಿ ಪೈಪಿನ ಕೆಳಗೆ ದೋಸೆ ಹಿಟ್ಟಿನ ದೊಡ್ಡ ಡಬ್ಬಿ. ಕಡಲ ಊರಿನ ತೇವಕ್ಕೆ ಏಸಿ ಟಪಟಪ ಸೋರಿ, ಬೆಳಗಾಗುವಷ್ಟರಲ್ಲಿ ಡಬ್ಬಿ ತುಂಬಿತ್ತು. "ಕುಡಿಯಾಕಲ್ಲ ಅತ್ತಿ, ಪಾಯಖಾನಿಗೆ, ಒರಸಾಕ ನಡೀತದ." ವೈನಿ ಅಡುಗೆಗೆ ಖಾರ ಕಮ್ಮಿ ಹಾಕುತ್ತಾರೆ ಅನ್ನುವುದೊಂದೇ ಇಷ್ಟು ವರ್ಷ ಅವ್ವನ ತಕರಾರು. ಅವತ್ತು ಕನ್ನಡಕ ಏರಿಸಿ ಡಬ್ಬಿ ನೋಡಿದಳು, ಟಪಟಪ ಕೇಳಿದಳು. "ಇಕಿ ಬಾಳೇವು ಮಾಡ್ತಾಳ" ಅಂದಳು, ಫೋನು ಇಟ್ಟ ಮೇಲೆ.

ನಿನ್ನೆ ನೀರು ಬಂತಂತೆ. ಅಣ್ಣ ಹೊಸ ಬಕೀಟುಗಳ ಫೋಟೋ ಹಾಕಿದ್ದಾನೆ: ಒಂದು ಕೆಂಪು, ಒಂದು ನೀಲಿ, ಅಂಟಿಸಿದ ಬೆಲೆಚೀಟಿ ಹಾಗೇ ಇದೆ. ಅವ್ವ ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು.

"ಮುಚ್ಚಳ ಎಲ್ಲದ?"