ರೂಟರ್‌ನಲ್ಲಿ ಪೋರ್ಟ್ ತೆರೆಯದೆ ಮನೆಯ ಕಂಪ್ಯೂಟರ್‌ಗೆ ಹೊರಗಿನಿಂದ ಲಾಗಿನ್

ಊರಲ್ಲಿರುವವರಿಗೆ ಪ್ರಿಂಟರ್ ಸರಿಮಾಡಿಕೊಡುವಷ್ಟೇ ಕೆಲಸವಿದ್ದರೆ ವಿಂಡೋಸ್ 10, 11ರಲ್ಲಿರುವ ಕ್ವಿಕ್ ಅಸಿಸ್ಟ್ ಸಾಕು. ಸಹಾಯ ಮಾಡುವವರು ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ ಕೋಡ್ ತೆಗೆದು ಫೋನಲ್ಲಿ ಹೇಳಬೇಕು. ಅದು 10 ನಿಮಿಷ ಮಾತ್ರ ನಡೆಯುತ್ತದೆ. ಆ ಕಡೆಯವರು ಕನ್ನಡಕ ಹುಡುಕಿಕೊಂಡು ಬಂದು ಕೂತ ಮೇಲೆಯೇ ತೆಗೆಯಿರಿ. ಮಧ್ಯೆ ನಿಮ್ಮ ಪರದೆ ಕಪ್ಪಾದರೆ ಸಂಪರ್ಕ ಹೋಗಿಲ್ಲ: ಅಲ್ಲಿ ಅಡ್ಮಿನ್ ಅನುಮತಿ ಕೇಳುವ ಕಿಟಕಿ ಬಂದಿದೆ, ‘ಯೆಸ್’ ಅವರೇ ಒತ್ತಬೇಕು.

ಯಾರೂ ಇಲ್ಲದ ಮನೆಯಲ್ಲಿರುವ ನಮ್ಮ ಮೆಷಿನ್‌ಗೆ ಹೊರಗಿನಿಂದ ಲಾಗಿನ್ ಆಗುವುದು ಬೇರೆಯೇ ಲೆಕ್ಕ. ವಿಂಡೋಸ್ ಪ್ರೊ ಇದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಮೋಟ್ ಡೆಸ್ಕ್‌ಟಾಪ್‌ಗೆ ಹೋಗಿ ಆನ್ ಮಾಡಿ. ಹೋಮ್ ಆವೃತ್ತಿಗೆ ಈ ಸೌಲಭ್ಯವಿಲ್ಲ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಅಥವಾ ರಸ್ಟ್‌ಡೆಸ್ಕ್ ಹಾಕಿಕೊಳ್ಳಿ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಲಾಗಿನ್‌ಗೆ ದಿನಾ ಒತ್ತುವ ಪಿನ್ ನಡೆಯುವುದಿಲ್ಲ, ಅದು ಆ ಮೆಷಿನ್‌ಗಷ್ಟೇ ಸೀಮಿತ. ಖಾತೆಯ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಲೋಕಲ್ ಖಾತೆಯನ್ನಂತೂ ವಿಂಡೋಸ್ ಒಳಗೆ ಬಿಡುವುದೇ ಇಲ್ಲ.

ಇಷ್ಟಾದ ಮೇಲೆ ಬಹಳ ಜನ ಯೂಟ್ಯೂಬ್ ನೋಡಿ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ ಬಾಗಿಲು) ತೆರೆಯುತ್ತಾರೆ. ದಯವಿಟ್ಟು ಬೇಡ. ಆ ಪೋರ್ಟ್ ಹುಡುಕುತ್ತಲೇ ಇರುವ ಬಾಟ್‌ಗಳಿವೆ (ತಾವಾಗಿಯೇ ಓಡುವ ಪ್ರೋಗ್ರಾಂಗಳು), ಸಂಖ್ಯೆ ಬದಲಿಸಿದರೂ ಪತ್ತೆ ಹಚ್ಚುತ್ತವೆ. 2019ರಲ್ಲಿ ಬಯಲಾದ ಬ್ಲೂಕೀಪ್ ದೋಷಕ್ಕೆ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಹಳೆಯ ವಿಂಡೋಸ್‌ನಲ್ಲಿ ದಾಳಿಕೋರರು ಒಳನುಗ್ಗಲು ಈ ಪೋರ್ಟ್ ತೆರೆದಿದ್ದರೇ ಸಾಕಿತ್ತು. ಅಲ್ಲದೆ ನಿಮ್ಮ ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನೀವು ಇಂಟರ್ನೆಟ್ ಕಂಪನಿಯ ಸಿಜಿನ್ಯಾಟ್ ಎಂಬ ಐಪಿ ಹಂಚಿಕೆ ವ್ಯವಸ್ಥೆಯ ಹಿಂದೆ ಇದ್ದೀರಿ. ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿರುವುದರಿಂದ, ಪೋರ್ಟ್ ಫಾರ್ವರ್ಡ್ ಮಾಡಿ ಎಷ್ಟು ಹೊತ್ತು ಗುದ್ದಾಡಿದರೂ ಹೊರಗಿನ ಕರೆ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ.

ನನ್ನ ಆಯ್ಕೆ ಟೇಲ್‌ಸ್ಕೇಲ್, ನಿಮ್ಮ ಸಾಧನಗಳನ್ನಷ್ಟೇ ಇಂಟರ್ನೆಟ್ ಮೂಲಕ ಖಾಸಗಿಯಾಗಿ ಜೋಡಿಸುವ ವಿಪಿಎನ್ ಆ್ಯಪ್. ಎರಡೂ ಕಂಪ್ಯೂಟರ್‌ಗೆ ಹಾಕಿ ಒಂದೇ ಖಾತೆಯಿಂದ ಸೈನ್ ಇನ್ ಆಗಿ. ಮನೆಯ ಮೆಷಿನ್‌ಗೆ ಸಿಗುವ 100ರಿಂದ ಶುರುವಾಗುವ ವಿಳಾಸವನ್ನು ರಿಮೋಟ್ ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ಕೊಟ್ಟರಾಯಿತು. ಎರಡೂ ಕಡೆಯಿಂದ ಸಂಪರ್ಕ ಹೊರಮುಖವಾಗಿಯೇ ಹೋಗುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ನೇರ ದಾರಿ ಸಿಗದಿದ್ದಾಗ ಮಧ್ಯವರ್ತಿಯಾದ ರಿಲೇ ಸರ್ವರ್ ಮೂಲಕ ಹೋಗುತ್ತದೆ. ಆಗ ಮೌಸ್ ಎಳೆದಾಡಿದಂತೆ ಅನಿಸುತ್ತದೆ, ಕೆಲಸ ಮಾತ್ರ ನಿಲ್ಲುವುದಿಲ್ಲ.

ಕೈಕೊಡುವುದು ಎರಡು ಕಡೆ. ವಿಂಡೋಸ್‌ನಲ್ಲಿ ಬಳಕೆದಾರ ಲಾಗ್‌ಔಟ್ ಆದರೆ ಟೇಲ್‌ಸ್ಕೇಲ್ ಕೂಡ ಕಡಿದುಹೋಗುತ್ತದೆ. ರಾತ್ರಿ ಅಪ್‌ಡೇಟ್ ಬಂದು ರೀಸ್ಟಾರ್ಟ್ ಆಯಿತೆಂದರೆ ಕತೆ ಮುಗಿಯಿತು, ಯಾರಾದರೂ ಹೋಗಿ ಲಾಗಿನ್ ಆಗಬೇಕು. ಅದಕ್ಕೇ ಟೇಲ್‌ಸ್ಕೇಲ್‌ನ ಪ್ರಿಫರೆನ್ಸಸ್‌ನಲ್ಲಿ ‘ರನ್ ಅನ್‌ಅಟೆಂಡೆಡ್’ ಟಿಕ್ ಮಾಡಿ. ಇನ್ನೊಂದು, ಟೇಲ್‌ಸ್ಕೇಲ್ ಆ ಮೆಷಿನ್ ಗುರುತಿಸಲು ಬಳಸುವ ಕೀ ಅವಧಿ. ಡಿಫಾಲ್ಟ್ 180 ದಿನ. ಆಮೇಲೆ ಆ ಮೆಷಿನ್ ಮತ್ತೆ ಸೈನ್ ಇನ್ ಕೇಳುತ್ತದೆ. ವೆಬ್‌ನ ಅಡ್ಮಿನ್ ಪುಟದಲ್ಲಿ ಅದೊಂದಕ್ಕೆ ‘ಡಿಸೇಬಲ್ ಕೀ ಎಕ್ಸ್‌ಪೈರಿ’ ಒತ್ತಿಬಿಡಿ. ಖಾತೆಗೆ ಎರಡು ಹಂತದ ದೃಢೀಕರಣ ಇರಲಿ.

ಸ್ಲೀಪ್ ‘ನೆವರ್’ ಮಾಡಿ. ಕರೆಂಟ್ ಹೋಗಿ ಬಂದಾಗ ತಾನೇ ಆನ್ ಆಗಲು ಡೆಸ್ಕ್‌ಟಾಪ್‌ನ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟ) ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬಂಥ ಆಯ್ಕೆಯನ್ನು ‘ಪವರ್ ಆನ್’ಗೆ ಇಡಿ. ನೆಟ್‌ವರ್ಕ್ ಮೂಲಕ ಸಂದೇಶ ಕಳಿಸಿ ಮೆಷಿನ್ ಎಬ್ಬಿಸುವ ವೇಕ್ ಆನ್ ಲ್ಯಾನ್ ನೆಚ್ಚಿಕೊಳ್ಳಬೇಡಿ: ಆ ಪ್ಯಾಕೆಟ್ ಮನೆಯ ನೆಟ್‌ವರ್ಕ್‌ನೊಳಗಿಂದಲೇ ಹೊರಡಬೇಕು, ಅದಕ್ಕೆ ಮನೆಯಲ್ಲಿ ಇನ್ನೊಂದು ಸಾಧನ ಸದಾ ಆನ್ ಇರಬೇಕು.

ಪರೀಕ್ಷೆಯನ್ನು ಮನೆಯ ವೈಫೈನಲ್ಲಿ ಮಾಡಬೇಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಲಾಗಿನ್ ಆಗದೆ ಹಾಗೇ ಬಿಟ್ಟು, ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಸಂಪರ್ಕಿಸಿ ನೋಡಿ.