ಪರ್ಗೋಲಾನೋ ಪೆವಿಲಿಯನ್ನೋ? ಮೊದಲು ಪಾಯದ ಗುಂಡಿ ನೋಡಿ

ಹಿತ್ತಲಲ್ಲಿ ಕೂರಲು ಒಂದು ಜಾಗ ಮಾಡಬೇಕು, ಪರ್ಗೋಲಾ ಹಾಕಿಸೋಣವೋ ಪೆವಿಲಿಯನ್ ಕಟ್ಟಿಸೋಣವೋ ಎಂದು ಕೇಳುವವರು ಬಹಳ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: "ಸದ್ಯಕ್ಕೆ ಪರ್ಗೋಲಾ ಇರಲಿ, ಬೇಕೆನಿಸಿದರೆ ಆಮೇಲೆ ಶೀಟ್ ಹೊದಿಸಿದರಾಯಿತು." ನಮ್ಮ ತಕರಾರು ಇರುವುದು ಈ ಎರಡನೇ ಮಾತಿಗೆ.

ಪರ್ಗೋಲಾದ ಮೇಲೆ ತೊಲೆ, ಪಟ್ಟಿ ಬಿಟ್ಟರೆ ಬಯಲು. ಪೆವಿಲಿಯನ್‌ಗೆ ಮುಚ್ಚಿದ ಸೂರು. ಮೇಲೆ ಕಾಣುವ ವ್ಯತ್ಯಾಸ ಇಷ್ಟೇ, ಆದರೆ ಖರ್ಚನ್ನೂ ಆಯಸ್ಸನ್ನೂ ತೀರ್ಮಾನಿಸುವ ವ್ಯತ್ಯಾಸ ಮಣ್ಣಿನೊಳಗಿದೆ. ಗಂಟೆಗೆ 100 ಕಿ.ಮೀ. ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 48 ಕೆ.ಜಿ. ಸುತ್ತ ಗೋಡೆಯಿಲ್ಲದ ಸೂರಿನ ಅಡಿಗೆ ಗಾಳಿ ನುಗ್ಗಿದರೆ ಅದು ಸೂರನ್ನು ಮೇಲಕ್ಕೆತ್ತುತ್ತದೆ. 3 × 4 ಮೀಟರಿನ ಸೂರಿಗೆ ಈ ಎತ್ತುವ ಬಲ 570 ಕೆ.ಜಿ. ದಾಟಬಹುದು. ಗಾಳಿಯ ವೇಗ 140ಕ್ಕೆ ಏರಿದರೆ ಒತ್ತಡ ಹೆಚ್ಚುಕಡಿಮೆ ಇಮ್ಮಡಿ.

ಪರ್ಗೋಲಾಕ್ಕೆಂದು ತೋಡುವ ಗುಂಡಿ ಸಾಮಾನ್ಯವಾಗಿ 30 × 30 × 45 ಸೆಂ.ಮೀ. ಅದರಲ್ಲಿ ಕೂರುವ ಕಾಂಕ್ರೀಟಿನ ತೂಕ 97 ಕೆ.ಜಿ., ನಾಲ್ಕು ಕಂಬಕ್ಕೆ 390. ಹಗುರ ಶೀಟಿನ ಸೂರು ಚೌಕಟ್ಟು ಸೇರಿ 200 ಕೆ.ಜಿ. ಇದೆ ಎಂದುಕೊಂಡರೂ ಮೊದಲ ಲೆಕ್ಕಕ್ಕೇ ತಕ್ಕಡಿ ಸಮಸಮ. ಎಳೆತ ನಾಲ್ಕೂ ಕಂಬಕ್ಕೆ ಸಮನಾಗಿ ಬೀಳುವುದೂ ಇಲ್ಲ, ಗಾಳಿ ಬರುವ ಕಡೆಯ ಎರಡಕ್ಕೆ ಹೆಚ್ಚು. ಅದಕ್ಕೇ ಪೆವಿಲಿಯನ್‌ಗೆ 45 × 45 × 75 ಸೆಂ.ಮೀ. ಗುಂಡಿಗಿಂತ ಕಡಿಮೆ ಬೇಡ ಎನ್ನುತ್ತೇವೆ. ಒಂದೊಂದರಲ್ಲೂ ಸುಮಾರು 365 ಕೆ.ಜಿ. ಕಾಂಕ್ರೀಟ್. ಸಡಿಲ ಮಣ್ಣು, ಬಿರುಗಾಳಿಯ ಜಾಗವಾದರೆ ಇದೂ ಸಾಲದು, ಎಂಜಿನಿಯರ್ ಲೆಕ್ಕ ಹಾಕಲಿ.

ಪಾಯ ಗಟ್ಟಿಯಿದ್ದರೂ ಪರ್ಗೋಲಾದ ಮೇಲೆ ಶೀಟ್ ಸರಿಯಾಗಿ ಕೂರದು, ಏಕೆಂದರೆ ಅದರ ತೊಲೆಗಳು ಮಟ್ಟಸ. ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಶೀಟಿಗೆ ಕನಿಷ್ಠ 5 ಡಿಗ್ರಿ ಇಳಿಜಾರು ಬೇಕು, ಅಂದರೆ ಮೀಟರಿಗೆ 9 ಸೆಂ.ಮೀ. ಇಲ್ಲದಿದ್ದರೆ ನೀರು ನಿಲ್ಲುತ್ತದೆ, ಶೀಟ್ ಜೋಲುತ್ತದೆ, ಜೋತಲ್ಲಿ ಇನ್ನಷ್ಟು ನೀರು ನಿಲ್ಲುತ್ತದೆ. ಜೊತೆಗೆ ಈ ಶೀಟ್ ಬಿಸಿಲಿಗೆ ಹಿಗ್ಗುತ್ತದೆ: 3 ಮೀಟರ್ ಉದ್ದದ್ದು 40 ಡಿಗ್ರಿ ಏರಿಳಿತಕ್ಕೆ ಸುಮಾರು 8 ಮಿ.ಮೀ. ಸ್ಕ್ರೂವಿಗಿಂತ 3 ಮಿ.ಮೀ. ದೊಡ್ಡ ತೂತು ಕೊರೆಯದೆ ಬಿಗಿದರೆ ತೂತಿನ ಸುತ್ತಲೇ ಸೀಳು ಬಿಡುತ್ತದೆ. ಸೋರಿಕೆ ಶುರುವಾಗುವುದು ಅಲ್ಲಿಂದ, ಬೈಗುಳ ಮಾತ್ರ ಶೀಟಿಗೆ.

ಹಾಗಾದರೆ ಪರ್ಗೋಲಾ ಯಾರಿಗೆ? ಬಳ್ಳಿ ಹಬ್ಬಿಸುವ ಆಸೆಯಿರುವವರಿಗೆ, ಬಿಸಿಲು ಪೂರ್ತಿ ತಪ್ಪದಿದ್ದರೂ ಆದೀತು ಎನ್ನುವವರಿಗೆ. ಬರಿಯ ಪಟ್ಟಿಗಳಿಂದ ನಡುಮಧ್ಯಾಹ್ನ ನೆರಳು ಸಿಗುತ್ತದೆಂಬುದು ಭ್ರಮೆ. 4 ಸೆಂ.ಮೀ. ದಪ್ಪದ ಪಟ್ಟಿಗಳನ್ನು 15 ಸೆಂ.ಮೀ. ಸಂದು ಬಿಟ್ಟು ಜೋಡಿಸಿದರೆ, ಸೂರ್ಯ ನೆತ್ತಿಯ ಮೇಲಿದ್ದಾಗ ಐದರಲ್ಲೊಂದು ಪಾಲು ನೆರಳು, ಮಿಕ್ಕಿದ್ದು ಬಿಸಿಲು. ಅದೇ ಪಟ್ಟಿ 15 ಸೆಂ.ಮೀ. ಎತ್ತರವಿದ್ದು ಉತ್ತರ-ದಕ್ಷಿಣವಾಗಿ ಓಡಿದರೆ, ಪಡುವಣದ ಸೂರ್ಯ 45 ಡಿಗ್ರಿಗಿಂತ ಕೆಳಗಿಳಿದ ಮೇಲೆ ಸಂದಿನಿಂದ ಬಿಸಿಲು ತೂರುವುದಿಲ್ಲ. ಇನ್ನೂ ಕೆಳಗಿಳಿದರೆ ಪಕ್ಕದಿಂದಲೇ ಮುಖಕ್ಕೆ ಹೊಡೆಯುತ್ತದೆ. ಅದಕ್ಕೆ ಪಶ್ಚಿಮದ ಬದಿಗೆ ಒಂದು ಜಾಲರಿಯೋ ಬಳ್ಳಿಯೋ ಬೇಕು.

ಪೆವಿಲಿಯನ್ ಕಟ್ಟಿದರೆ ಮಳೆಯಲ್ಲಿ ಒಂದು ಹನಿಯೂ ತಾಗದು ಎಂದುಕೊಂಡವರಿಗೆ ಇನ್ನೊಂದು ಲೆಕ್ಕ. ಸೂರಿನ ಅಂಚು 2.4 ಮೀಟರ್ ಎತ್ತರದಲ್ಲಿದ್ದು ಇರಿಚಲು 45 ಡಿಗ್ರಿ ಓರೆಯಾಗಿ ಬಡಿದರೆ, ನೀರು ಅಂಚಿನಿಂದ 2.4 ಮೀಟರ್ ಒಳಗೆ ಬರುತ್ತದೆ. ಸೂರನ್ನು 60 ಸೆಂ.ಮೀ. ಹೊರಚಾಚಿದರೂ 3 ಮೀಟರ್ ಅಗಲದ ನೆಲದಲ್ಲಿ 1.8 ಮೀಟರ್ ಒದ್ದೆ. ಮಳೆಯಲ್ಲೂ ಕೂರಲೇಬೇಕಿದ್ದರೆ ಗಾಳಿ ಬರುವ ಬದಿಗೆ ಪರದೆ ಬಿಡಿ, ಇಲ್ಲವೇ ಅಗಲವನ್ನು 4 ಮೀಟರಿಗೆ ಏರಿಸಿ. ಸೂರಿನ ನೀರಿಗೂ ದಾರಿ ಬೇಕು: 12 ಚದರ ಮೀಟರಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ 600 ಲೀಟರ್. ಅಂಚಿಗೆ ದೋಣಿ ಕಟ್ಟದಿದ್ದರೆ ಅಷ್ಟೂ ಕಂಬದ ಬುಡಕ್ಕೇ.

ಮರದ ಕಂಬವನ್ನು ನೇರವಾಗಿ ಕಾಂಕ್ರೀಟಿನಲ್ಲಿ ಹೂಳಬೇಡಿ. ತುದಿಯ ನಾರು ನೀರು ಹೀರಿ ನೆಲಮಟ್ಟದಲ್ಲೇ ಕೊಳೆಯುತ್ತದೆ, ಮೇಲೆ ಎಷ್ಟು ಪಾಲಿಶ್ ಹೊಡೆದರೂ ಅಷ್ಟೇ. ಕಾಂಕ್ರೀಟಿಗೆ ಬೋಲ್ಟ್ ಮಾಡಿದ ಉಕ್ಕಿನ ಪಾದದ ಮೇಲೆ, 3-5 ಸೆಂ.ಮೀ. ಎತ್ತರಿಸಿ ನಿಲ್ಲಿಸಿ. ಕಂಬ ಮತ್ತು ತೊಲೆ ಸೇರುವಲ್ಲಿ 60 ಸೆಂ.ಮೀ. ಉದ್ದದ ಓರೆ ಆಸರೆಗಳು ಪರ್ಗೋಲಾ, ಪೆವಿಲಿಯನ್ ಎರಡಕ್ಕೂ ಬೇಕು. ಅವಿಲ್ಲದ ಪರ್ಗೋಲಾ ಕೈಯಲ್ಲಿ ತಳ್ಳಿದರೂ ಓಲಾಡುತ್ತದೆ. ಫ್ಯಾನ್, ದೀಪಕ್ಕೆ ವೈರ್ ಪೈಪನ್ನು ಕಾಂಕ್ರೀಟ್ ಸುರಿಯುವ ಮೊದಲೇ ಇಡಿಸಿ.

ತೀರ್ಮಾನ ಇನ್ನೂ ಆಗಿಲ್ಲವೆಂದರೆ ಪೆವಿಲಿಯನ್ ಅಳತೆಯ ಗುಂಡಿಯನ್ನೇ ತೋಡಿಸಿ, ಮುಂದೆ ಶೀಟಿಗೆ ಇಳಿಜಾರು ಸಿಗಲೆಂದು 3 ಮೀಟರ್ ಅಗಲಕ್ಕೆ ಒಂದು ಬದಿಯ ಕಂಬಗಳನ್ನು 30 ಸೆಂ.ಮೀ. ಎತ್ತರ ಮಾಡಿ. ಹೆಚ್ಚು ತಗಲುವುದು ಕಾಂಕ್ರೀಟ್, ಅಗೆತದ ಕೂಲಿ ಮತ್ತು ಕಂಬದ ಆ ಒಂದಿಷ್ಟು ಉದ್ದ ಮಾತ್ರ. ಈಗಾಗಲೇ ಹಗುರ ಪಾಯದ ಪರ್ಗೋಲಾ ಇದ್ದರೆ ಶೀಟಿನ ಆಸೆ ಬಿಡಿ. ತಂತಿಯ ಮೇಲೆ ಎಳೆದು ಮಡಚಬಹುದಾದ ನೆರಳು ಬಲೆ ಕಟ್ಟಿ, ಬಿರುಗಾಳಿಯ ಮುನ್ಸೂಚನೆ ಬಂದ ದಿನ ಬಿಚ್ಚಿಡಿ.